ಅಕ್ಕನಿಗೆ ತೀರ್ಥ ಬಿದ್ದ ದಿನ

ಆಯುಧಪೂಜೆಯ ದಿನ ಮಧ್ಯಾಹ್ನ ನಾನು ಚಾಮರಾಜಪೇಟೆಯ ನಮ್ಮ ಆಸ್ಪತ್ರೆಯ ಸರ್ವರ್ ಕೋಣೆಯ ಹೊಸ್ತಿಲಾಚೆ, ಬಲಗೈಯನ್ನು ಬಾಗಿಲ ಚೌಕಟ್ಟಿಗೆ ಆನಿಸಿ ನಿಂತಿದ್ದೆ. ಎರಡು ಸಾವಿರದ ಇಸವಿ ಕಳೆದು ಬಹಳ ವರ್ಷವಾಗಿರಲಿಲ್ಲ. ಒಳಗೆ ವಿಮಲಾ ಮೇಡಂ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು.

ಏನಾದರೂ ಕೆಟ್ಟಾಗ ಅವರು ನಿಲ್ಲುತ್ತಿದ್ದುದೇ ಹಾಗೆ. ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಅವರ ಸುಪರ್ದಿನಲ್ಲಿದ್ದವು. "ಕೈಗೆ ಆತುರ ಜಾಸ್ತಿ ಕಣ್ರೀ, ಮೊದ್ಲು ಬಾಯಿ ಕೆಲ್ಸ ಮಾಡ್ಲಿ" ಎನ್ನುತ್ತ, ಎಲ್ಲರನ್ನೂ ಕೇಳಿ ಮುಗಿಸುವವರೆಗೆ ಕೀಬೋರ್ಡ್ ಮುಟ್ಟುತ್ತಿರಲಿಲ್ಲ. ಗಾಂಧಿ ಬಜಾರಿನಲ್ಲಿ ಅವರೆಕಾಯಿ ಕೊಳ್ಳುವಾಗಲೂ ಅಷ್ಟೇ. ಬಗ್ಗಿ ಸೊಗಡು ಮೂಸಿ ನೋಡಿ, ಕೊನೆಗೆ ಕೈ ಹಾಕುತ್ತಿದ್ದರು.

ಇ-ಮೇಲ್ ನೋಡಿಕೊಳ್ಳಲು ಎರಡು ಸರ್ವರ್‌ಗಳಿದ್ದವು. ಹೊರಗಿನವರಿಗೆ ಎರಡಕ್ಕೂ ಒಂದೇ ಹೆಸರು. ಒಂದು ನಿಂತರೆ ಇನ್ನೊಂದು ಕೆಲಸ ಎತ್ತಿಕೊಳ್ಳುತ್ತಿತ್ತು. ಮೇಡಂ ಅವನ್ನು ಅಕ್ಕ, ತಂಗಿ ಎನ್ನುತ್ತಿದ್ದರು. ನಾನು ತೆಗೆಯುವ ಹೃದಯದ ಸ್ಕ್ಯಾನ್ ಚಿತ್ರಗಳೂ ಇಬ್ಬರಿಗೂ ಸೇರಿದ ಒಂದು ಫೋಲ್ಡರಿಗೇ ಹೋಗಿ ಕೂರುತ್ತಿದ್ದವು.

ಅಂದು ಪೂಜೆಗೆಂದು ಅಕ್ಕನನ್ನು ಆಫ್ ಮಾಡಿ, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿದ್ದೆವು. ಪುರೋಹಿತರು ಧಾರಾಳವಾಗಿ ತೀರ್ಥ ಚಿಮುಕಿಸಿದ್ದರು. ತಂಗಿ ಕೆಲಸ ಎತ್ತಿಕೊಂಡಳು, ಮೇಲ್ ಬಂತು. ಫೋಲ್ಡರ್ ಮಾತ್ರ ಕಣ್ಣಿಗೆ ಕಾಣುತ್ತಿತ್ತು, ತೆರೆಯಹೋದರೆ ಅನುಮತಿಯಿಲ್ಲ ಎನ್ನುತ್ತಿತ್ತು.

ಅದರೊಳಗೆ ಜಯಮ್ಮನವರ ಹಸುಗೂಸಿನ ಚಿತ್ರಗಳಿದ್ದವು. ಮಗು ವಾರ್ಡಿನಲ್ಲಿ ನೀಲಿಗಟ್ಟುತ್ತಿತ್ತು. ಚೆನ್ನೈನ ತಜ್ಞರು ಚಿತ್ರ ನೋಡಿ ಹೇಳದೆ ನಮ್ಮ ಡಾಕ್ಟರು ಆಪರೇಷನ್ನಿಗೆ ಕೈ ಹಾಕುವಂತಿರಲಿಲ್ಲ. ಆ ತಜ್ಞರೋ ವಿಮಾನಕ್ಕೆ ಹೊರಟು ನಿಂತಿದ್ದರು. ಮತ್ತೆ ಸ್ಕ್ಯಾನ್ ಮಾಡಿದರೂ ಚಿತ್ರ ಹೋಗಬೇಕಾದ್ದು ಅದೇ ಫೋಲ್ಡರಿಗೆ. ಜಯಮ್ಮ ನನ್ನ ಹಿಂದೆ ಗೋಡೆಗೊರಗಿ, ಮೇಡಂ ಕೈಗಳನ್ನೇ ನೋಡುತ್ತಿದ್ದರು.

"ಅಕ್ಕನ್ನ ಆನ್ ಮಾಡ್ಬಿಡಿ ಮೇಡಂ!" ಎಂದರು ಪಕ್ಕದಲ್ಲಿದ್ದ ಸಿಸ್ಟರ್ ಮೇರಿ.

"ತಲೆಯಿಂದ ತೀರ್ಥ ಇಳೀತಿದೆ ಕಣಮ್ಮ. ಈಗ ಆನ್ ಮಾಡಿದ್ರೆ ಮಂಗಳಾರತಿ ಅವಳೇ ಎತ್ತಿಬಿಡ್ತಾಳೆ." ಮೇಡಂ ನನ್ನತ್ತ ತಿರುಗಿದರು. "ತೆಗಿಯೋಕಾಗ್ದೇ ಇರೋದು ನಿಮಗೊಬ್ರಿಗಾ?"

"ಸ್ಕ್ಯಾನ್‌ನವರು ಯಾರಿಗೂ ಆಗ್ತಿಲ್ಲ. ಬೇಗ ಮೇಡಂ, ದಮ್ಮಯ್ಯ!"

"ತಡೀರಿ. ಆ ಫೋಲ್ಡರಿಗೆ ನಿಮ್ಮವರ ಹೆಸರೆಲ್ಲ ಸೇರಿಸಿದ ದಿನ ನಾನು ಯಾರ ಮುಂದೆ ಕೂತಿದ್ದೆ?"

"ಅಕ್ಕನ ಮುಂದೆ. ನಾನೇ ಕಾಫಿ ತಂದ್ಕೊಟ್ಟಿದ್ದೆ."

ಬೆನ್ನ ಹಿಂದಿನ ಕೈಗಳು ಬಿಚ್ಚಿಕೊಂಡವು.

"ಅಯ್ಯೋ, ತಪ್ಪು ನಂದೇ! ಮನೆ ತಂಗಿ ಕೈಗೆ ಬಂದಿದೆ, ಯಾರನ್ನ ಒಳಗೆ ಬಿಡ್ಬೇಕು ಅನ್ನೋದು ಅಕ್ಕನಿಗೊಬ್ಳಿಗೇ ಗೊತ್ತು. ಪಾಪ, ಇವಳು ಎಲ್ಲರನ್ನೂ ಬಾಗ್ಲಲ್ಲೇ ನಿಲ್ಲಿಸಿದಾಳೆ!"

ಈ ಸಲ ನಮ್ಮ ಹೆಸರುಗಳನ್ನು ಇಬ್ಬರಿಗೂ ತಿಳಿಯುವಂತೆ, ಇಡೀ ಆಸ್ಪತ್ರೆಗೆ ಸೇರಿದ ಪಟ್ಟಿಯಿಂದಲೇ ಕೊಟ್ಟರು. ಅಷ್ಟು ವೇಗವಾಗಿ ಓಡುವ ಬೆರಳುಗಳನ್ನು ನಾನು ಮತ್ತೆ ಕಂಡಿಲ್ಲ.

"ಈಗ ತೆಗೀರಿ ನೋಡೋಣ."

ನಾನು ಪಕ್ಕದ ಕಂಪ್ಯೂಟರಿನಲ್ಲಿ ಫೋಲ್ಡರ್ ಒತ್ತಿದೆ. ತೆರೆಯಿತು! ನಾನು ಕಿರುಚಿದೆನೆಂದು ಸಿಸ್ಟರ್ ಮೇರಿ ಈಗಲೂ ಹೇಳುತ್ತಾರೆ, ನನಗೆ ನೆನಪಿಲ್ಲ. ಚಿತ್ರ ಕಳಿಸಿದ್ದು, ಚೆನ್ನೈನಿಂದ ಫೋನಿನಲ್ಲಿ "ಬಂತು" ಎಂದದ್ದು, ಸ್ವಲ್ಪ ಹೊತ್ತಿಗೆ "ಮಾಡಿ" ಎಂದದ್ದು, ಕಾರಿಡಾರಿನಲ್ಲಿ ಸ್ಟ್ರೆಚರಿನ ಗಾಲಿಗಳು ಓಡಿದ್ದು, ಇಷ್ಟು ನೆನಪಿದೆ.

ವಿಮಲಾ ಮೇಡಂ ಈಗಿಲ್ಲ. ಕೊನೆಯ ಸಲ ಸಿಕ್ಕಿದ್ದು ಗಾಂಧಿ ಬಜಾರಿನಲ್ಲಿ, ಅವರೆಕಾಯಿ ರಾಶಿಯ ಮುಂದೆ, ಕೈ ಹಿಂದೆ ಕಟ್ಟಿಕೊಂಡು. "ಅಕ್ಕ-ತಂಗಿ ಇಬ್ರೂ ಒಟ್ಟಿಗೇ ಗುಜರಿಗೆ ಹೋದ್ರಂತಲ್ರೀ" ಎಂದು ನಕ್ಕಿದ್ದರು.

ಅಂದು ಆ ಬಾಗಿಲಲ್ಲಿ ನಿಂತು ನೋಡಿದವರಲ್ಲಿ ನಾನಿದ್ದೇನೆ, ಸಿಸ್ಟರ್ ಮೇರಿ ಇದ್ದಾರೆ, ಜಯಮ್ಮ ಇದ್ದಾರೆ. ಅವರ ಮಗಳು ಏನನ್ನೂ ನೋಡಲಿಲ್ಲ. ಅವಳೂ ಇದ್ದಾಳೆ.