ನಿಂತ ಗಾಲಿಗಳನ್ನು ತಿರುಗಿಸುತ್ತಿದ್ದ ಕಾಕಾ

ಸ್ವಲ್ಪ ತಾಳಿ, ಅರ್ಧಕ್ಕೇ ಎದ್ದು ಹೋಗಬೇಡಿ. ಈ ಬರಹ ಮುಗಿಯುವಷ್ಟರಲ್ಲಿ ನಮ್ಮ ಯರಗುಪ್ಪಿಯ ಒಂದು ಹಿತ್ತಲಿನಲ್ಲಿ, ಕುಸುಬಿ ಎಣ್ಣೆಯ ಮೇಲೆ, ಒಂದು ಟರ್ಬೈನು ಓಡುತ್ತದೆ. ಆದರೆ ಅದಕ್ಕೂ ಮೊದಲು ನೀವು ಒಂದು ಬೆರಳನ್ನು ನೋಡಬೇಕು.

ಬಲಗೈಯ ತೋರುಬೆರಳು. ಗಿಡ್ಡ, ದಪ್ಪ, ಚಪ್ಪಟೆ ಉಗುರು. ತುದಿಯ ಚರ್ಮ ಸವೆದು ಎಷ್ಟು ನುಣುಪಾಗಿತ್ತೆಂದರೆ ಗೆರೆಗಳೇ ಕಾಣುತ್ತಿರಲಿಲ್ಲ. ನಿಂತಿದ್ದು ಏನು ಕಂಡರೂ ಆ ಬೆರಳು ಅದನ್ನು ತಿರುಗಿಸುತ್ತಿತ್ತು. ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ಹಿಂದಿನ ಗಾಲಿ, ಸುಗ್ಗಿ ಮುಗಿದ ಮೇಲೆ ಮೂಲೆ ಸೇರಿದ ಕಾಳು ತೂರುವ ಫ್ಯಾನು, ನಮ್ಮವ್ವನ ಹೊಲಿಗೆ ಮಿಷಿನ್ನಿನ ಚಕ್ರ. ಮಾತಾಡುತ್ತಲೇ ಕೈ ಹೋಗುತ್ತಿತ್ತು. ಅರ್ಧ ಸುತ್ತು, ಅಷ್ಟೇ. ಆಮೇಲೆ ಏನೂ ಆಗದವರಂತೆ ಮುಂದೆ ನಡೆಯುತ್ತಿದ್ದರು.

ಅವರು ನಮ್ಮ ಬಾಜೂ ಮನೆಯವರು. ಊರೆಲ್ಲ ಅವರನ್ನು ಟರ್ಬೈನ್ ಕಾಕಾ ಎನ್ನುತ್ತಿತ್ತು. ಹರೆಯದಲ್ಲಿ ಸಮುದ್ರದ ಕಡೆಯ ಒಂದು ದೊಡ್ಡ ಕಾರಖಾನೆಗೆ ಹೋಗಿ, ಅಲ್ಲಿನ ಟರ್ಬೈನಿನ ಹತ್ತಿರವೇ ಕೂದಲು ಬೆಳ್ಳಗೆ ಮಾಡಿಕೊಂಡು, ಕಿವಿಯನ್ನು ಅಲ್ಲೇ ಬಿಟ್ಟು ಊರಿಗೆ ಬಂದಿದ್ದರು. ಹತ್ತಿರ ಹೋಗಿ ಕೂಗಿದರೆ ಮಾತ್ರ ಕೇಳಿಸುತ್ತಿತ್ತು. ಕೇಳಿಸದಿದ್ದಾಗ ಅಂಗೈಯನ್ನು ಗೋಡೆಗೋ ಕಟ್ಟೆಗೋ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ರಸ್ತೆಯಲ್ಲಿ ಹೋಗುವುದು ಟ್ರ್ಯಾಕ್ಟರೋ ಬಸ್ಸೋ ಎಂದು ಹಾಗೆಯೇ ಹೇಳುತ್ತಿದ್ದರು. ಅವರು ನನಗೆ ಸಿಕ್ಕಿದ್ದೂ ಗೋಡೆಯ ಮೂಲಕವೇ.

ನಾನು ಓದಿದ್ದು ಬಿ.ಕಾಂ. ಯಂತ್ರ ಕಲಿತಿದ್ದು ಮೊಬೈಲಿನಲ್ಲಿ ವಿಡಿಯೋ ನೋಡಿ. ಅಣ್ಣ ಲಾರಿ ಓಡಿಸುತ್ತಾನೆ. ಅವನ ಲಾರಿಯಿಂದ ತೆಗೆದುಹಾಕಿದ ಹಳೆಯ ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತುವ ಜೋಡಿ ಚಕ್ರ, ಒಂದು ಮನೆಯಲ್ಲಿ ಬಿದ್ದಿತ್ತು. ಅದಕ್ಕೆ ಉಕ್ಕಿನ ಕೊಳವೆಯದೊಂದು ಉರಿಯುವ ಡಬ್ಬಿ ಜೋಡಿಸಿದರೆ ಸಣ್ಣ ಗ್ಯಾಸ್ ಟರ್ಬೈನೇ ಆಗುತ್ತದೆ ಎಂದು ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ! ಒಂದು ಚಕ್ರ ಗಾಳಿಯನ್ನು ಎಳೆದು ಒತ್ತುತ್ತದೆ, ಡಬ್ಬಿಯಲ್ಲಿ ಉರಿ, ಆ ಬಿಸಿಗಾಳಿ ಇನ್ನೊಂದು ಚಕ್ರವನ್ನು ದೂಡುತ್ತದೆ, ಎರಡಕ್ಕೂ ಒಂದೇ ಶಾಫ್ಟು. ತನ್ನ ಉಸಿರನ್ನು ತಾನೇ ಎಳೆದುಕೊಳ್ಳುವ ಒಲೆ ಅದು. ಧೂಳು ಹೊಡೆಯುವ ಬ್ಲೋವರಿನಿಂದ ಚಕ್ರ ತಿರುಗಿಸಿ, ಅಡುಗೆ ಸಿಲಿಂಡರಿನ ಗ್ಯಾಸ್ ಬಿಟ್ಟು, ಹಿತ್ತಲಿನಲ್ಲಿ ಮೊದಲ ಸಲ ಹೊತ್ತಿಸಿದಾಗ ಅದು ಹೂಂ ಎಂದು ಏರಿ ಏರಿ ಕಿರುಚಿತು. ಓಣಿಯ ನಾಯಿಗಳೆಲ್ಲ ಓಡಿದವು. ಗ್ಯಾಸ್ ಬಂದ್ ಮಾಡಿ ಬೆವರು ಒರೆಸಿಕೊಳ್ಳುವಾಗ ಗೋಡೆಯ ಮೇಲೆ ಕಾಕಾನ ಮುಖ.

ಬೈಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದೇ ಬೇರೆ.

"ಏನ್ ಬೇ ತಂಗಿ, ಆರಿಸಿದ ಮ್ಯಾಲ ತಿರಗಸ್ತೀಯೋ, ಹಂಗ ಬಿಡ್ತೀಯೋ?"

"ಹಂಗ ಬಿಡ್ತೀನ್ರಿ ಕಾಕಾ!" ಎಂದು ಕೂಗಿದೆ.

"ಬಾಗತೈತಿ!" ಎಂದು ಸುತ್ತು ಹಾಕಿ ಹಿತ್ತಲಿಗೆ ಬಂದೇಬಿಟ್ಟರು. ಟರ್ಬೊದ ಬಾಯೊಳಗೆ ಬೆರಳು ಹಾಕಿ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ ಕುಳಿತರು. ದೊಡ್ಡ ಟರ್ಬೈನನ್ನು ಬಿಸಿಯಿದ್ದಾಗ ನಿಲ್ಲಿಸಿದರೆ ಶಾಫ್ಟು ತನ್ನ ಭಾರಕ್ಕೆ ತಾನೇ ಬಾಗುತ್ತದಂತೆ. ಅದಕ್ಕೇ ಉರಿ ಇರಲಿ ಬಿಡಲಿ, ನಿಧಾನವಾಗಿ ತಿರುಗಿಸುತ್ತಿರಬೇಕು.

"ಇಷ್ಟು ಸಣ್ಣ ಶಾಫ್ಟ್ ಬಾಗೂದಿಲ್ಲಂತ್ರಿ ಕಾಕಾ, ನಾ ಓದೀನಿ" ಎಂದೆ.

"ತಾ ಸಣ್ಣದು ಅಂತ ಅದಕ್ಕೇನ್ ಗೊತ್ತು?" ಎಂದು ನಕ್ಕರು.

ಅಲ್ಲಿಂದ ಅವರು ದಿನಾ ಸಂಜೆ ಬರತೊಡಗಿದರು. ಹಿತ್ತಲಿನ ಆಚೆ ಕಪ್ಪು ಮಣ್ಣಿನ ಎರೆಹೊಲ, ಜೋಳದ ತೆನೆಗಳ ಮೇಲೆ ಇಳಿಬಿಸಿಲು, ನಡುನಡುವೆ ಕುಸುಬಿಯ ಸಾಲು ಹಳದಿಯಿಂದ ಕೇಸರಿಗೆ ತಿರುಗುತ್ತಿರುತ್ತಿತ್ತು. ಗಾಳಿ ಬೀಸಿದರೆ ಹೊಲವೆಲ್ಲ ಒಂದೇ ಸಲ ಉಸಿರು ಬಿಟ್ಟಂತೆ. ಕಾಕಾ ಕಟ್ಟೆಯ ಮೇಲೆ ಕುಳಿತು ತಮ್ಮ ಟರ್ಬೈನನ್ನು ನೆನೆಯುತ್ತಿದ್ದರು. ಇಡೀ ಕಾರಖಾನೆಗೆ ಕರೆಂಟು ಕೊಡುವ, ಮನೆಯಷ್ಟು ಉದ್ದದ ಯಂತ್ರ. ದೂರದಿಂದ ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲವೇ ಅದರ ಊಟ. ಅದರ ಹತ್ತಿರ ನಿಂತರೆ ಎದೆಯೊಳಗೆ ಇನ್ನೊಂದು ಎದೆ ಬಡಿದಂತೆ ಆಗುತ್ತಿತ್ತಂತೆ.

ಒಂದು ಸಂಜೆ, ನಾನು ಕೇಳದೆಯೇ, ಅದರ ಕೊನೆಯ ದಿನವನ್ನೂ ಹೇಳಿದರು.

"ಗ್ಯಾಸ್ ಕಡಿಮಿ ಆಗಾಕತ್ತಿತ್ತು ತಂಗಿ. ನಾಫ್ತಾಕ್ಕ ಹೊಳ್ಳಸು ಅಂದ್ರು." ನಾಫ್ತಾ ಎಂದರೆ ಪೆಟ್ರೋಲಿನ ಬಳಗದ ಒಂದು ತೆಳು ಇಂಧನ; ಹೊಳ್ಳಸುವುದೆಂದರೆ ಯಂತ್ರವನ್ನು ಗ್ಯಾಸಿನಿಂದ ಅದಕ್ಕೆ ಹೊರಳಿಸುವುದು. "ಓಡ್ತಿರಬೇಕಾದ್ರನ ಹೊಳ್ಳಸಬೇಕು. ಇದು ಒಂಚೂರು ಕಡಿಮಿ, ಅದು ಒಂಚೂರು ಜಾಸ್ತಿ. ಕೈ ನಂದ ಇತ್ತು. ಅರ್ಧಾ ದಾರ್ಯಾಗ ಉರಿ ಹೋತು."

"ಅದು ನಿಮ್ಮ ತಪ್ಪೇನ್ರಿ?"

"ಯಾರೂ ಹಂಗ ಅನ್ನಲಿಲ್ಲ. ನಾಫ್ತಾ ಚಿಮ್ಮೂ ನಾಜಲ್ ಕಟ್ಟಿದ್ವು ಅಂದ್ರು. ಕಟ್ಟಿದ್ದೂ ಖರೇನ. ಆದ್ರ ನಾ ಅವಸರ ಮಾಡಿದ್ದೆ. ಅದು ನನ್ನ ಕೈಗೆ ಗೊತ್ತೈತಿ."

ಆಮೇಲೆ ಗ್ಯಾಸ್ ಬರಲೇ ಇಲ್ಲ. ಕಾರಖಾನೆಯವರು ಹೊರಗಿನ ಕರೆಂಟು ಕೊಂಡರು. ಇಂದಲ್ಲ ನಾಳೆ ಗ್ಯಾಸ್ ಬಂದೀತೆಂದು ಕಾಕಾ ಆ ತಣ್ಣನೆಯ ಯಂತ್ರವನ್ನು ಕಾಯುತ್ತ, ಅದರ ಶಾಫ್ಟನ್ನು ತಿರುಗಿಸುತ್ತ ವರ್ಷಗಳನ್ನು ಕಳೆದರು. ಕೊನೆಗೆ ಅದನ್ನು ಗುಜರಿಗೆ ಹಾಕಿದರು. ಕಾಕಾ ಊರಿಗೆ ಬಂದರು. ಬೆರಳಿಗೆ ಮಾತ್ರ ನಿವೃತ್ತಿ ಸಿಗಲಿಲ್ಲ.

"ಒಂದ್ ಸಲ" ಎಂದರು ಅವತ್ತು, ಹೊಲದ ಕಡೆ ನೋಡುತ್ತ. "ಉರಿ ಆರಲಾರದಂಗ ಒಂದ್ ಸಲ ಹೊಳ್ಳಸಬೇಕು ನೋಡು."

ಆ ಚಳಿಗಾಲದಲ್ಲಿ ಊರಿಗೆ ಸಿಲಿಂಡರ್ ಗಾಡಿ ಬರುವುದೇ ಅಪರೂಪವಾಗಿ, ನಮ್ಮವ್ವ ಬಂದು ರೆಗ್ಯುಲೇಟರನ್ನೇ ಕಿತ್ತುಕೊಂಡು ಹೋದಳು. ಕಾಕಾನ ಹೆಂಡತಿ ಕಾಕು ಅಡುಗೆಮನೆ ಬಾಗಿಲಲ್ಲೇ ಅಡ್ಡ ನಿಂತರು. "ನನ್ನ ಸಿಲಿಂಡರ್ ಕಡೆ ಹೊಳ್ಳಿ ನೋಡೀರಿ ಅಂದ್ರ, ಇಬ್ರಿಗೂ ನಿಮ್ಮ ಟರ್ಬೈನ್ ಮ್ಯಾಲ ರೊಟ್ಟಿ ಬಡಿಯಾಕ ಹಚ್ಚತೀನಿ!"

ನನಗೆ ಅಳು ಬರುವಂತಾಯಿತು. ಕಾಕಾನ ಕಣ್ಣು ಮಾತ್ರ ಹೊಳೆಯುತ್ತಿತ್ತು. "ಚಲೋ ಆತು! ಗ್ಯಾಸ್ ಇಲ್ಲ ಅಂದ್ರನ ಹೊಳ್ಳಸೂದು."

ಮೊದಲು ಗೋಬರ್ ಗ್ಯಾಸ್ ನೋಡಿದೆವು. ಅದು ಸಪ್ಪೆ ಗ್ಯಾಸು, ಅದೇ ಬಿಸಿಗೆ ಹೆಚ್ಚು ಉಣಿಸಬೇಕು ಎಂದು ಕಾಕಾ ನಾಜಲ್ಲಿನ ತೂತು ದೊಡ್ಡದು ಮಾಡಿಸಿದರು. ಆದರೂ ಅದಕ್ಕೆ ಒತ್ತಡವೇ ಇರಲಿಲ್ಲ. ಡಬ್ಬಿಯೊಳಗಿನ ಗಾಳಿ ಅದನ್ನು ವಾಪಸ್ಸು ದೂಡಿತು. ಆಗ ಹೊಲದ ಕುಸುಬಿ ನೆನಪಾಯಿತು. ಹೋದ ವರ್ಷದ ಕಾಳಿನ ಗಾಣದ ಎಣ್ಣೆ, ಸಣ್ಣದೊಂದು ಪಂಪು, ಸಣ್ಣ ನಾಜಲ್ಲು. ಅವ್ವನನ್ನು ಕಾಡಿ ರೆಗ್ಯುಲೇಟರು ಮರಳಿ ತಂದು, ಹಳೆಯ ಸಿಲಿಂಡರಿನ ತಳದಲ್ಲಿ ಉಳಿದಿದ್ದ ಗ್ಯಾಸಿನಿಂದ ಹೊತ್ತಿಸಿ, ಓಡುವಾಗಲೇ ಎಣ್ಣೆಗೆ ಹೊರಳಿಸುವುದು. ಬಕೀಟಿನಲ್ಲಿ ಉಸುಕು, ತೋಯಿಸಿದ ಗೋಣಿಚೀಲ, ಎಲ್ಲ ಕಾಕಾನ ಕಟ್ಟುನಿಟ್ಟು.

ಚಳಿಯ ಮುಂಜಾನೆ ಹೊತ್ತಿಸಿದೆವು. ಕಾಕಾ ಗ್ಯಾಸ್ ತಗ್ಗಿಸುತ್ತ ಬಂದರು, ನಾನು ಎಣ್ಣೆ ಏರಿಸುತ್ತ ಬಂದೆ. ಅರ್ಧ ದಾರಿಯಲ್ಲಿ ಪುಸ್ ಎಂದು ಉರಿ ಹೋಯಿತು. ಬಿಳಿ ಹೊಗೆ ಓಣಿ ತುಂಬಿತು. ಬಜಿ ಕರಿದಂಥ ವಾಸನೆ! ಎದುರುಮನೆಯ ಅಜ್ಜಿ ತಾಟು ಹಿಡಿದುಕೊಂಡೇ ಬಂದು, "ಏನ್ ಕರಿಯಾಕತ್ತೀರಿ? ಮಿರ್ಚಿ ಐತೇನು?" ಎಂದರು. ನಾನು ನಕ್ಕುಬಿಟ್ಟೆ. ತಿರುಗಿ ನೋಡಿದರೆ ಕಾಕಾ ನಗುತ್ತಿರಲಿಲ್ಲ. ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು. ಹೇಳದೆ ಕೇಳದೆ ಮನೆಗೆ ಹೋದರು.

ಆಮೇಲೆ ಕೆಲವು ಸಂಜೆ ಅವರು ಬರಲಿಲ್ಲ. ಗೋಡೆಯಾಚೆ ಕಾಳು ತೂರುವ ಫ್ಯಾನು ತಿರುಗುವ ಕಿರ್ ಸದ್ದು ಮಾತ್ರ ಕೇಳುತ್ತಿತ್ತು. ಕೊನೆಗೆ ಬಂದವರು ಕಾಕು. ಹಿತ್ತಲಿನ ನಡುವೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಎಣ್ಣೆಯ ಡಬ್ಬಿ ಮುಟ್ಟಿ ನೋಡಿದರು.

"ಎಣ್ಣಿ ಕಾಯಿಸಲಾರದನ ಒಗ್ಗರಣಿ ಹಾಕಾಕ ಹೋಗಿದ್ರೇನು ನೀನೂ ನನ್ನ ಗಂಡನೂ ಕೂಡಿ?"

ನಾನು ಓಡಿಹೋಗಿ ಕಾಕಾನ ಕಿವಿಯಲ್ಲಿ ಅದನ್ನೇ ಕೂಗಿದೆ. ಅವರು ಹಣೆ ಬಡಿದುಕೊಂಡರು. "ಕಾರಖಾನ್ಯಾಗೂ ದಪ್ಪನ್ನ ಎಣ್ಣಿ ಕಾಯಿಸೇ ಬಿಡ್ತಿದ್ರಲ್ಲ! ಕಾಯಿಸಿದ್ರ ತೆಳ್ಳಗಾಗಿ ಚಿಮ್ಮತೈತಿ. ನಾ ನನ್ನ ಕೈ ಬೈಕೋತ ಕುಂತಿದ್ದೆ."

ಈ ಸಲ ಕಾಕು ತಾವೇ ಎಣ್ಣೆಯನ್ನು ಒಲೆಯ ಮೇಲೆ ಹದವಾಗಿ ಕಾಯಿಸಿ ತಂದರು. ಇಳಿಹೊತ್ತು. ಸಿಲಿಂಡರಿನಲ್ಲಿ ಇನ್ನೊಂದೇ ಸಲಕ್ಕೆ ಆಗುವಷ್ಟು ಗ್ಯಾಸು. ಟರ್ಬೈನು ಹೂಂ ಎಂದು ಏರಿತು. ಕಾಕಾನ ಎಡಗೈ ಗೋಡೆಯ ಮೇಲೆ, ಬಲಗೈ ಗ್ಯಾಸಿನ ವಾಲ್ವಿನ ಮೇಲೆ. ಕಣ್ಣು ಮುಚ್ಚಿದ್ದರು. ನಾನು ಎಣ್ಣೆ ಬಿಟ್ಟೆ. ಸದ್ದು ಸಣ್ಣಗಾಯಿತು, ತೊದಲಿತು. ನನ್ನ ಕೈ ಎಣ್ಣೆಯನ್ನು ಜೋರಾಗಿ ತಿರುವಲು ಹೊರಟಿತ್ತು.

"ತಡಿ" ಎಂದರು ಕಾಕಾ. "ಅದಕ್ಕೂ ಹೊಸಾ ಊಟ ಹೊಂದಬೇಕಲ್ಲ. ತಡಿ."

ತಡೆದೆ. ಕುಸುಬಿಯ ಸಾಲಿನ ಮೇಲಿಂದ ಗಾಳಿ ಬಂತು. ತೊದಲುತ್ತಿದ್ದ ಸದ್ದು ಅದೇ ಗಾಳಿಯನ್ನು ಹಿಡಿದುಕೊಂಡಂತೆ ಮೆಲ್ಲಗೆ ಮೇಲೆದ್ದಿತು. ಕಾಕಾ ಗ್ಯಾಸನ್ನು ಇನ್ನೊಂದು ಚೂರು ಇಳಿಸಿದರು, ನಿಂತರು, ಇನ್ನೊಂದು ಚೂರು. ಎಷ್ಟು ಹೊತ್ತು ಹಾಗೆ ಇದ್ದೆವೋ ನನಗೆ ಗೊತ್ತಿಲ್ಲ. ಆಮೇಲೆ ನೋಡಿದರೆ ಅವರು ವಾಲ್ವು ಪೂರ್ತಿ ಮುಚ್ಚಿ, ಸಿಲಿಂಡರಿನಿಂದ ರಬ್ಬರ್ ಪೈಪನ್ನೇ ಕಿತ್ತು ಕೈಯಲ್ಲಿ ಎತ್ತಿ ಹಿಡಿದಿದ್ದರು. ಟರ್ಬೈನು ಓಡುತ್ತಲೇ ಇತ್ತು! ನಮ್ಮ ಎರೆಮಣ್ಣಿನ ಎಣ್ಣೆಯ ಮೇಲೆ!

"ನೋಡು!" ಎಂದು ಕಾಕುಗೆ ಕೂಗಿದರು. "ನಿನ್ನ ಸಿಲಿಂಡರ್ ಇಲ್ಲದ!"

"ನನ್ನ ಎಣ್ಣಿ ಹೋತಲ್ಲ!" ಎಂದರು ಕಾಕು. ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದು ಹೊಗೆಗಾಗಿ ಎಂದು ಈಗಲೂ ಹೇಳುತ್ತಾರೆ.

ಎಣ್ಣೆ ತೀರಿ, ಸದ್ದು ಇಳಿದು, ಚಕ್ರ ನಿಂತಿತು. ಕಾಕಾ ಬೆರಳು ಹಾಕಿ ತಿರುಗಿಸಿದರು, ಆಮೇಲೆ ನಾನು, ಮತ್ತೆ ಅವರು. ಹೊಲ ಕಪ್ಪಾಗುವವರೆಗೂ ಹಾಗೇ ಕುಳಿತಿದ್ದೆವು. ಆ ಹೊತ್ತಿಗೆ ಬಂದ ನೆಂಟರೊಬ್ಬರು, "ಡಿಗ್ರಿ ಮುಗಿಸಿ ಮನ್ಯಾಗ ಕುಂತೀಯಲ್ಲ, ಮುಂದೇನ್ ಮಾಡಾಕಿ?" ಎಂದು ನನ್ನನ್ನು ಜೋರಾಗಿ ಕೇಳಿದರು. ನಾನು ಚಕ್ರದಿಂದ ಬೆರಳು ತೆಗೆಯಲಿಲ್ಲ. ಕಾಕಾಗೆ ಅದು ಹೇಗೆ ಕೇಳಿಸಿತೋ! "ನಿಂತಿಲ್ರಿ ಆಕಿ" ಎಂದರು. "ತಿರಗಾಕತ್ತಾಳ. ತನ್ನ ಗ್ಯಾಸ್ ಬಂದಾಗ ಹತ್ತಸ್ತಾಳ, ಬಿಡ್ರಿ."

ಮುಂಗಾರಿನ ಹೆಸರುಕಾಳು ಬಿತ್ತುವ ಹೊತ್ತಿಗೆ ಕಾಕಾ ಹೋದರು. ಮಧ್ಯಾಹ್ನ ಊಟ ಮಾಡಿ, ಗೋಡೆಗೆ ಅಂಗೈ ಒತ್ತಿ ಮಲಗಿದವರು ಏಳಲಿಲ್ಲ. ಮಣ್ಣು ಮಾಡಿ ಬಂದ ಕೆಲವು ದಿನಗಳ ಮೇಲೆ ಕಾಕು ಗೋಡೆಯಾಚೆಯಿಂದ ಕೂಗಿದರು. "ಬಾ ಬೇ. ಆ ಫ್ಯಾನ್ ನಿಂತೈತಿ. ನನ್ನ ಬೆರಳಿನ ಮಾತು ಅದು ಕೇಳವಲ್ದು."

ಈಗ ದಿನಾ ಸಂಜೆ ಹೋಗುತ್ತೇನೆ. ಮೊದಲು ಅವರ ಫ್ಯಾನು, ಆಮೇಲೆ ನಮ್ಮ ಟರ್ಬೈನು. ಸಣ್ಣ ಶಾಫ್ಟು ಬಾಗುವುದಿಲ್ಲ ಎಂದು ನನಗೆ ಈಗಲೂ ಗೊತ್ತು. ಆದರೂ ತಿರುಗಿಸುತ್ತೇನೆ. ಮೊನ್ನೆ ಬೆಳಕಿಗೆ ಹಿಡಿದು ನೋಡಿಕೊಂಡೆ, ನನ್ನ ಬೆರಳ ತುದಿಯ ಗೆರೆಗಳು ಒಂಚೂರು ತೆಳುವಾಗಿವೆ.

ಉರಿಸಲು ಏನೂ ಸಿಗದೆ ನಿಂತ ಯಂತ್ರವನ್ನು ಕಾದವರು ನಿಮ್ಮ ಕಡೆಯೂ ಇದ್ದಾರೆಯೇ? ಗ್ಯಾಸ್ ಇಲ್ಲದಾಗ ನೀವು ಯಾವ ಎಣ್ಣೆ, ಯಾವ ಹೊಟ್ಟು, ಯಾವ ಸಗಣಿಯಿಂದ ಏನನ್ನು ಓಡಿಸಿದಿರಿ? ಎಲ್ಲಿ ಉರಿ ಹೋಯಿತು, ಎಲ್ಲಿ ಹಿಡಿಯಿತು? ಕೆಳಗೆ ಬರೆಯಿರಿ. ಅವಸರವೇನಿಲ್ಲ. ನೀವು ಬರೆಯುವವರೆಗೆ ನಾನು ಇಲ್ಲಿ ತಿರುಗಿಸುತ್ತಿರುತ್ತೇನೆ.