ಪೋಣಿಸದೆ ಬಿಟ್ಟ ಕರಿಮಣಿ

ನನ್ನ ಅಕ್ಕ ಒಂದೇ ಒಂದು ಕರಿಮಣಿ ತಂದು, ದಾರಕ್ಕೆ ಹಾಕಿಕೊಡು ಎಂದು ಕೈ ಚಾಚಿದಳು. ನಾನು ಹಾಕಿಕೊಡಲಿಲ್ಲ. ಇಪ್ಪತ್ತು ವರ್ಷಗಳ ಮೇಲಾಯಿತು. ಇದನ್ನು ಯಾರಿಗೂ ಹೇಳಿಲ್ಲ.

ನಾನು ಓದಿದ್ದು ನಾಲ್ಕನೆಯ ತರಗತಿ. ಹೊಳಲ್ಕೆರೆ ಪೇಟೆಯಲ್ಲಿ ಒಂದು ಬಂಗಾರದ ಅಂಗಡಿಯ ಕಟ್ಟೆಯ ಮೇಲೆ ಕೂತು ಸರ ಪೋಣಿಸುತ್ತೇನೆ. ಮದುವೆಯಾಗಿ ಈ ಊರಿಗೆ ಬಂದಾಗ ಪಕ್ಕದ ಮನೆಯ ಮುದುಕಿ ಕಲಿಸಿಕೊಟ್ಟ ಕೆಲಸ. ಮೇಣ ಸವರಿದ ದಾರವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿದರೆ ಮಣಿಗಳು ತಾವೇ ಇಳಿಯುತ್ತವೆ. ಹಳೆಯ ಸರ ಬಿಚ್ಚಿದಾಗ ಗಂಡನಿರುವ ಹೆಂಗಸು ಬರಿಗೊರಳಲ್ಲಿ ಕೂರಬಾರದು. ಅದಕ್ಕೇ ಅರಿಶಿನದ ಕೊಂಬು ಕಟ್ಟಿದ ದಾರವೊಂದನ್ನು ಸದಾ ಪಕ್ಕದಲ್ಲಿ ಇಟ್ಟಿರುತ್ತೇನೆ. ನನ್ನ ಕೆಲಸ ಮುಗಿಯುವವರೆಗಿನ ಅರ್ಧ ಗಂಟೆ ಅದು ಅವರ ಕೊರಳಲ್ಲಿ ಇರಬೇಕು. ಗುರುತಿಲ್ಲದ ಎಷ್ಟೋ ಕೊರಳಿಗೆ ಅದನ್ನು ಕಟ್ಟಿದ್ದೇನೆ.

ಅಕ್ಕನನ್ನು ರಾಮಗಿರಿಯ ಕಡೆ ಕೊಟ್ಟಿದ್ದರು. ಭಾವ ಮಿಲಿಟರಿಯಲ್ಲಿದ್ದ. ರಜೆ ಮುಗಿಯುವ ಹಿಂದಿನ ದಿನ ಇಬ್ಬರೂ ನನ್ನ ಕಟ್ಟೆಗೆ ಬರುತ್ತಿದ್ದರು. ಅಕ್ಕನ ಸರದಿಂದ ಒಂದು ಕರಿಮಣಿ ಬಿಚ್ಚಿಸಿಕೊಂಡು ಹೋಗುವುದು ಅವನ ರೂಢಿ. ಮರಳಿ ಬಂದಾಗ ಅದೇ ಮಣಿಯನ್ನು ನಾನು ಸರಕ್ಕೆ ಸೇರಿಸಿ ಗಂಟು ಹಾಕಬೇಕು. ನಾವು ಹುಟ್ಟಿದಾಗ ಅವ್ವ ನಮ್ಮಿಬ್ಬರ ಕೈಗೂ ಕರಿ ಉಣ್ಣೆಯ ಎಳೆಯಲ್ಲಿ ಒಂದೊಂದು ಮಣಿ ಕಟ್ಟಿದ್ದಳಂತೆ. ಅಪ್ಪನ ಕುರಿಹಿಂಡಿನಲ್ಲಿ ಚೆಂದದ ಮರಿ ಹುಟ್ಟಿದರೂ ಕಟ್ಟುತ್ತಿದ್ದಳು. ಕೆಟ್ಟ ಕಣ್ಣು ಮೊದಲು ಮಣಿಯನ್ನು ನೋಡಲಿ ಎಂದು. ಅಕ್ಕ ಇದನ್ನು ಭಾವನಿಗೆ ಹೇಳಿದ್ದಳು, ಅವನು ಅದನ್ನೇ ಹಿಡಿದುಕೊಂಡುಬಿಟ್ಟ.

“ಬಂದೂಕ ಹಿಡಿಯೋ ಗಂಡಸಿಗೆ ಹೆಂಗಸರ ಮಣಿ ಬೇಕಂತೆ ನೋಡು,” ಎಂದು ಅಕ್ಕ ಅಣಕಿಸುತ್ತಿದ್ದಳು.

“ಬಂದೂಕ ಸರ್ಕಾರದ್ದು. ಇದು ನಂದು,” ಎನ್ನುತ್ತಿದ್ದ ಭಾವ.

ಗಡಿಯಲ್ಲಿ ಕಾಳಗ ಶುರುವಾದ ಆ ವರ್ಷ ಅಕ್ಕನ ಊರಲ್ಲಿ ಇದ್ದದ್ದು ಎರಡೇ ಟಿ.ವಿ. ಅಕ್ಕ ಒಳಗೆ ಹೋಗಿ ನೋಡುತ್ತಿರಲಿಲ್ಲ. ಟಿ.ವಿ. ಇದ್ದ ಮನೆಯ ಜಗಲಿಯ ಮೇಲೆ ಅಕ್ಕಿ ಆರಿಸುತ್ತಾ ಸುದ್ದಿ ಕೇಳುತ್ತಿದ್ದಳು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದಳೆಂದು ಅವಳ ಅತ್ತೆ ಆಮೇಲೆ ಹೇಳಿದರು.

ಭಾವ ಪೆಟ್ಟಿಗೆಯಲ್ಲಿ ಬಂದ. ಅದರ ಮುಚ್ಚಳ ತೆಗೆಯಲಿಲ್ಲ. ಸೈನಿಕರು ಗುಂಡು ಹಾರಿಸಿ, ಬಾವುಟ ಮಡಿಸಿ ಅಕ್ಕನ ಕೈಗೆ ಕೊಟ್ಟರು. ಜನ ಜೈಕಾರ ಹಾಕಿದರು. ಅವರೆಲ್ಲ ಹೋದ ಮೇಲೆ ಊರ ವಿಧವೆಯರು ಅಕ್ಕನನ್ನು ಹಿತ್ತಲಿಗೆ ಕರೆದೊಯ್ದರು. ಮುತ್ತೈದೆ ನೋಡಬಾರದೆಂದು ನನ್ನನ್ನು ಒಳಗೆ ಕೂರಿಸಿ ಬಾಗಿಲು ಹಾಕಿದರು. ಅಕ್ಕ ನನ್ನನ್ನು ಕೂಗಿದ್ದು ಕೇಳಿಸಿತು. ಬಾಗಿಲಿಗೆ ಹೊರಗಿನಿಂದ ಚಿಲಕವೇನೂ ಇರಲಿಲ್ಲ. ಆದರೂ ನಾನು ಏಳಲಿಲ್ಲ. ಅವಳ ಕೊರಳಿಂದ ತೆಗೆದ ಸರವನ್ನು ಹಳೆಯ ಬಾವಿಗೆ ಹಾಕಿದರು.

ಒಂದು ತಿಂಗಳ ಮೇಲೆ ಭಾವನ ಟ್ರಂಕು ಬಂತು. ಅದರೊಳಗೆ, ಮಾತ್ರೆಯ ಕಾಗದದಲ್ಲಿ ಸುತ್ತಿದ ಆ ಒಂದು ಮಣಿ ಇತ್ತು. ಅಕ್ಕ ಅದನ್ನು ಹಿಡಿದು ಬಸ್ಸಿನಲ್ಲಿ ನೇರವಾಗಿ ನನ್ನ ಕಟ್ಟೆಗೆ ಬಂದಳು. ಮಧ್ಯಾಹ್ನದ ಹೊತ್ತು. ಮದುವೆಯ ಸರ ಮಾಡಿಸುವವರು ನನ್ನ ಮುಂದೆ ಕೂತಿದ್ದರು. ಅಕ್ಕ ಬಂದದ್ದು ನೋಡಿ ಮದುಮಗಳ ತಾಯಿ ಮಣಿಯ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

“ಉಳಿದವೆಲ್ಲ ಬಾವಿಗೆ ಹೋದ್ವು. ಇದೊಂದೈತೆ. ದಾರಕ್ಕೆ ಹಾಕ್ಕೊಡು,” ಎಂದಳು ಅಕ್ಕ.

ನಾನು ತಟ್ಟೆಯನ್ನೇ ನೋಡುತ್ತಿದ್ದೆ.

“ಇದನ್ನ ಮುಟ್ಟಿದ ಕೈಲಿ ಮದುವೆ ಸರ ಹೆಂಗ್ ಮಾಡ್ಲಿ? ನನಗೂ ಗಂಡ ಅದಾನೆ ಕಣಕ್ಕ.”

ಅಕ್ಕ ಮುಷ್ಟಿ ಮುಚ್ಚಿದಳು. “ಹೌದಲ್ಲ, ಮರ್ತಿದ್ದೆ,” ಎಂದು ಹೊರಟಳು. ನೀರು ಕುಡಿ ಎಂದು ಹೇಳುವಷ್ಟರಲ್ಲಿ ರಸ್ತೆ ದಾಟಿದ್ದಳು.

ಅಕ್ಕ ಜಗಳವಾಡಿದ್ದರೆ ಚೆನ್ನಾಗಿತ್ತು. ಹಬ್ಬಕ್ಕೆ ಹೋದರೆ ಊಟ ಹಾಕುತ್ತಿದ್ದಳು, ಮಕ್ಕಳನ್ನು ವಿಚಾರಿಸುತ್ತಿದ್ದಳು. ಕಟ್ಟೆಯ ಕಡೆ ಮಾತ್ರ ಮತ್ತೆ ಬರಲಿಲ್ಲ. ಬಾವುಟ ಹಾರಿಸುವ ದಿನ ಊರ ಶಾಲೆಯವರು ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಶಾಲು ಹೊದಿಸುತ್ತಾರೆ. ನನ್ನ ಮಗಳ ಮದುವೆಯಲ್ಲಿ, ಧಾರೆಯ ಹೊತ್ತಿಗೆ, ಅವಳು ಅಡುಗೆಯವರ ಹತ್ತಿರ ಹೋಗಿ ತೆಂಗಿನಕಾಯಿ ತುರಿಯುತ್ತಿದ್ದಳು. ಯಾರೂ ಕಳಿಸಿರಲಿಲ್ಲ. ಯಾರೂ ಕರೆಯಲೂ ಇಲ್ಲ. ನಾನೂ ಕರೆಯಲಿಲ್ಲ.

ನನ್ನ ಗಂಡ ಇವತ್ತಿಗೂ ಗಟ್ಟಿಯಾಗಿದ್ದಾನೆ. ಅವನು ಉಂಡು ಎದ್ದಾಗಲೆಲ್ಲ ಸಂತೋಷವಾಗುತ್ತದೆ, ಹಿಂದೆಯೇ ಆ ಮುಚ್ಚಿದ ಮುಷ್ಟಿ ನೆನಪಾಗುತ್ತದೆ. ಸುತ್ತ ಹೆಂಗಸರು ಗಲಗಲ ಮಾತಾಡುತ್ತಿದ್ದರೂ ಆ ಕಟ್ಟೆಯ ಮೇಲೆ ನಾನು ಒಬ್ಬಳೇ.

ಈಚೆಗೆ ಗಡಿಯಲ್ಲಿ ಮತ್ತೆ ಗುಂಡಿನ ಸದ್ದು ಎಂದು ಟಿ.ವಿ.ಯಲ್ಲಿ ಬರುತ್ತಿದ್ದ ದಿನಗಳಲ್ಲಿ, ಹರಿದ ಸರ ಹಿಡಿದು ಒಬ್ಬ ಹುಡುಗಿ ಬಂದಳು. ಗಂಡ ಸೈನ್ಯದಲ್ಲಿದ್ದಾನಂತೆ. ಫೋನನ್ನು ಮಡಿಲಲ್ಲಿ ಬೋರಲಾಗಿ ಇಟ್ಟುಕೊಂಡಿದ್ದಳು. ಅದು ರಿಂಗಾದಾಗ ಅವಳ ಮುಖದ ಬಣ್ಣವೇ ಹೋಯಿತು. ಫೋನು ಮಾಡಿದ್ದು ಅವಳ ತಾಯಿ. ಸಾರಿಗೆ ಉಪ್ಪು ಹಾಕಿದ್ದೀಯಾ ಎಂದು ಕೇಳಲು. ಅವಳ ಕೊರಳಿಗೆ ಅರಿಶಿನದ ದಾರ ಕಟ್ಟುವಾಗ ನನ್ನ ಕೈ ಗಂಟು ಹಾಕಲಾರದೆ ಹೋಯಿತು.

ಮರುದಿನ ಬೆಳಗಿನ ಬಸ್ಸಿಗೆ ರಾಮಗಿರಿಗೆ ಹೋದೆ. ಅಕ್ಕ ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ನಾನು ಚೀಲದಿಂದ ಮೇಣ, ದಾರ ತೆಗೆದೆ. ಅವಳು ಅವನ್ನು ನೋಡಿದಳು. ಕೈ ಒರೆಸಿಕೊಂಡು, ಕುಪ್ಪಸದ ಒಳಮಗ್ಗುಲಿನಿಂದ ಒಂದು ಪಿನ್ನು ಬಿಚ್ಚಿ ನನ್ನ ಅಂಗೈಗೆ ಹಾಕಿದಳು. ಪಿನ್ನಿನಲ್ಲಿ ಆ ಮಣಿ ಇತ್ತು. ಇಷ್ಟು ವರ್ಷ ಉಜ್ಜಿ ಉಜ್ಜಿ ಅದರ ಹೊಳಪು ಹೋಗಿತ್ತು.

ದಾರವನ್ನು ಹೆಬ್ಬೆರಳಿಗೆ ಸಿಕ್ಕಿಸಿದೆ. ಮಣಿ ಇಳಿಯಿತು. ಎರಡೂ ಬದಿಗೆ ಗಂಟು ಹಾಕಿ, ಅಕ್ಕನ ಹಿಂದೆ ಕೂತು, ಅವಳ ನರೆತ ಜಡೆ ಸರಿಸಿ ಕಟ್ಟಿದೆ. ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ. ಅವಳ ಬೆನ್ನಿಗೇ ಹೇಳಿದೆ:

“ಅಕ್ಕ, ಅವತ್ತು ಹೆದರ್ಕಂಡೆ. ಹಿತ್ತಲಿಂದ ನೀನು ಕೂಗಿದ್ದೂ ಕೇಳಿತ್ತು, ನಾನೇ ಏಳ್ಲಿಲ್ಲ. ನನ್ನ ಗಂಡ ಉಳೀಲಿ ಅಂತ ನಿನ್ನ ಗಂಡನ ಮಣಿ ಮುಟ್ಲಿಲ್ಲ. ತಪ್ಪಾತು ಕಣಕ್ಕ.”