ಬೆನ್ನ ಹಿಂದಿನ ಅಂಕಿ

ನನ್ನ ಹೆಂಡತಿ ಎರಡು ವರ್ಷ ನನ್ನ ಗಾಡಿ ಹತ್ತಲಿಲ್ಲ. ಅಗಡಿಯಿಂದ ಹಾವೇರಿಗೆ ದಿನಾ ಬೆಳಿಗ್ಗೆ ಅವಳು ಬಸ್ಸಿನಲ್ಲಿ, ನಾನು ಬೈಕಿನಲ್ಲಿ. ಇಬ್ಬರೂ ಹೋಗಿ ತೆರೆಯುತ್ತಿದ್ದುದು ಒಂದೇ ಅಂಗಡಿಯ ಬಾಗಿಲು. ನಾನು ಟೇಲರ್. ಕತ್ತರಿ, ಮಷೀನು ನನ್ನವು. ಕಾಜು, ಗುಂಡಿ, ಸೀರೆಯ ಫಾಲು ಅವಳವು. ಹೆಣ್ಣುಮಕ್ಕಳಿಗೆ ಬಸ್ ಫ್ರೀ ಆದ ಮೇಲಂತೂ ಊರವರಿಗೆ ನನ್ನನ್ನು ಕಾಡಿಸಲು ಒಂದು ನೆಪ ಸಿಕ್ಕಿತು. ಪುಗಸಟ್ಟೆ ಸೀಟು ಬಿಟ್ಟು ನಿನ್ನ ಹಿಂದೆ ಯಾಕೆ ಕೂರುತ್ತಾಳೆ ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಉರಿಯುತ್ತಿತ್ತು.

ಚಳಿಗಾಲದ ಬೆಳಗಿನಲ್ಲಿ ಬಸ್ಸಿನ ಮಗ್ಗುಲಿಗೆ ಗಾಡಿ ಹೊಡೆದುಕೊಂಡು ಹೋಗುವುದು ನನಗೊಂದು ಚಟವಾಗಿತ್ತು. ಹೊಲಗಳ ಮೇಲೆ ಮಂಜು ಬಿದ್ದಿರುತ್ತಿತ್ತು. ಬಸ್ಸು ಪೂರ್ತಿ ಕಾಣುತ್ತಿರಲಿಲ್ಲ; ಒಂದು ಕಿಟಕಿ, ಅದರಲ್ಲಿ ಅವಳ ತಲೆ, ಇಷ್ಟೇ ತೇಲುತ್ತ ಹೋಗುತ್ತಿತ್ತು. ಅವಳು ತೂಕಡಿಸುತ್ತಿದ್ದಳೋ, ತೂಕಡಿಸಿದಂತೆ ಮಾಡುತ್ತಿದ್ದಳೋ, ನನ್ನ ಕಡೆ ನೋಡುತ್ತಿರಲಿಲ್ಲ. ನಮ್ಮ ಮದುವೆಯಾದಾಗಿನಿಂದ ನಾವು ಮಾತಾಡಿದ್ದೆಲ್ಲ ಗಾಡಿಯ ಮೇಲೆಯೇ. ಮನೆಯಲ್ಲಿ ಕೆಲಸ, ಅಂಗಡಿಯಲ್ಲಿ ಗಿರಾಕಿ ಮತ್ತು ಮಷೀನಿನ ಸಪ್ಪಳ. ದಾರಿಯಲ್ಲಿ ಮಾತ್ರ ಅವಳ ಬಾಯಿ ನನ್ನ ಕಿವಿಯ ಹತ್ತಿರ ಇರುತ್ತಿತ್ತು. ಆ ಎರಡು ವರ್ಷ ನಾವು ಹೆಚ್ಚುಕಡಿಮೆ ಮೂಕರಾಗಿಬಿಟ್ಟಿದ್ದೆವು. ನನಗೆ ಅವಳ ಮಾತು ಬೇಕಾಗಿತ್ತು.

ತಪ್ಪು ನನ್ನದೇ. ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡು ಹುಟ್ಟಿದವನು ನಾನು. ಒಂದು ಸಂಜೆ ಬ್ಲೌಸಿನ ತೋಳು ಬಿಗಿಯಾಯಿತೆಂದು ಯಾರೋ ಬೈದು ಹೋದರು. ಅವರಿಗೆ ಎದುರು ಹೇಳಲಾಗದ ಮಾತನ್ನೆಲ್ಲ ದಾರಿಯಲ್ಲಿ ಆಕ್ಸಿಲೇಟರಿಗೆ ಹೇಳುತ್ತ ಬಂದೆ. ಅಗಡಿ ಇನ್ನೇನು ಬಂತು ಎನ್ನುವಾಗ ಹಂಪ್ ಕಾಣಲಿಲ್ಲ. ಗಾಡಿ ಎಗರಿತು, ನಾನು ಉಳಿದೆ, ಅವಳು ಬಿದ್ದಳು. ಎಡಗೈ ಮಣಿಕಟ್ಟು ಮುರಿಯಿತು. ದವಾಖಾನೆಯಲ್ಲಿ ಅವಳ ಅಕ್ಕನ ಎದುರಿಗೆ, ನಾನೇನೂ ಜೋರು ಹೊಡೆದಿರಲಿಲ್ಲ, ಮೂವತ್ತರ ಮೇಲೆ ಹೋಗಿರಲಿಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಿದೆ.

ಪ್ಲಾಸ್ಟರ್ ಹಾಕಿದ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಮಲಗಿದ್ದವಳು ಕಣ್ಣು ತೆರೆದಳು. "ಮೀಟರಿನ ಮುಳ್ಳು ಸತ್ತು ನಾಕು ವರ್ಷ ಆತು," ಎಂದಳು. "ಮೂವತ್ತು ಅಂತ ನಿಮಗ ಯಾರು ಹೇಳಿದ್ರು?"

ಬಿದ್ದದ್ದನ್ನು ಅವಳು ಎಂದೋ ಮರೆತಿದ್ದಳು, ಆ ಮೂವತ್ತನ್ನು ಮರೆಯಲಿಲ್ಲ. ನಾನು ಎಷ್ಟು ಗೋಗರೆದರೂ ಕೊನೆಗೆ ಸಿಕ್ಕ ಉತ್ತರ ಒಂದೇ: "ಅಂಕಿ ಕಾಣೂ ಗಾಡಿ ತರ್ರಿ, ಹತ್ತತೇನಿ. ಅಂಕಿ ಹೋದ್ರ ಇಳಿತೇನಿ."

ದುಡ್ಡು ಕೂಡಲು ಎರಡು ವರ್ಷ ಹಿಡಿಯಿತು. ಹಳೆಯದನ್ನು ಮಾರಿ ರಾಣೆಬೆನ್ನೂರಿನಿಂದ ಸೆಕೆಂಡ್ ಹ್ಯಾಂಡ್ ಗಾಡಿ ತಂದೆ. ಅದಕ್ಕೆ ಮುಳ್ಳಿನ ಮೀಟರಿಲ್ಲ, ಡಿಜಿಟಲ್. ಕೀಲಿ ತಿರುಗಿಸಿದರೆ ಎಳೆ ನೀಲಿ ಬೆಳಕಿನಲ್ಲಿ ಅಂಕಿಗಳು ಎದ್ದು ಬರುತ್ತವೆ, ಮೂಲೆಯಲ್ಲಿ ಪುಟ್ಟದೊಂದು ಗಡಿಯಾರ. ಅವಳು ಸುತ್ತ ಒಂದು ಸಲ ತಿರುಗಿ, ಮೀಟರಿಗೆ ಮುಖ ಹತ್ತಿರ ಮಾಡಿ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಎರಡೂ ಕಾಲು ಒಂದೇ ಕಡೆ ಹಾಕಿ, ಮೊದಲಿನಂತೆ ನನ್ನ ಬೆನ್ನಿಗೆ ಕೂತಳು. ಗಾಡಿ ಹೊರಟಿತು. ಹಿಂದಿನಿಂದ ಅವಳ ದನಿ ಬಂತು: "ಇಪ್ಪತ್ತು... ಇಪ್ಪತ್ತಾರು... ಮೂವತ್ತು. ಸಾಕು."

ದಿನಾ ಹೀಗೆಯೇ ಆಯಿತು. ಅವಳು ಅಂಕಿ ಓದುವುದು, ನಡುವೆ ಅಕ್ಕನ ಮನೆಯ ಸುದ್ದಿ, ಮತ್ತೆ ಅಂಕಿ. ಮೂವತ್ತೆರಡು ಅಂದಮೇಲೆ ಅಕ್ಕನ ಸೊಸೆಯ ಮಾತು, ಇಪ್ಪತ್ತೆಂಟು ಅಂದಮೇಲೆ ಬದನೆಕಾಯಿಯ ಮಾತು. ಕೆಲವೊಮ್ಮೆ ನನ್ನ ಮುಂದಿನ ಅಂಕಿಗೂ ಅವಳು ಹೇಳಿದ್ದಕ್ಕೂ ಒಂದೆರಡು ಹೆಚ್ಚುಕಡಿಮೆ ಆಗುತ್ತಿತ್ತು. ನೋಡಿ ಹೇಳುವಷ್ಟರಲ್ಲಿ ಬದಲಾಗಿರುತ್ತದೆ ಎಂದುಕೊಂಡೆ. ಅರೆನಿದ್ದೆಯಲ್ಲಿ ಯಾರೋ ಲಾಲಿ ಹೇಳಿದಂತೆ ಆ ಅಂಕಿಗಳು ನನಗೆ ಕೇಳುತ್ತಿದ್ದವು. ಹುಟ್ಟಿದಾಗಿನಿಂದ ಇಷ್ಟು ನಿಧಾನ ಹೋದವನಲ್ಲ ನಾನು. ದಾರಿಬದಿಯಲ್ಲಿ ಒಂದು ಹಾಳು ಬಾವಿ ಇದೆ ಎಂಬುದೂ ನನಗೆ ಆಗಲೇ ತಿಳಿದದ್ದು.

ಕಾರ್ತಿಕದ ಒಂದು ಬೆಳಿಗ್ಗೆ ಬಟ್ಟೆ ತರಲು ಒಬ್ಬನೇ ರಾಣೆಬೆನ್ನೂರಿಗೆ ಹೋಗುವಾಗ ಮೀಟರ್ ಕಣ್ಣು ಮುಚ್ಚಿತು. ಹಂಪ್ ದಾಟಿದರೆ ಆರುವುದು, ಸ್ವಲ್ಪ ದೂರ ಹೋದರೆ ಬರುವುದು. ಬಂದಾಗಲೆಲ್ಲ ಗಡಿಯಾರ ಮತ್ತೆ ಒಂದು ಗಂಟೆಯಿಂದ ಶುರು. ಬೆಳಿಗ್ಗೆ ಎಂಟಕ್ಕೂ ಒಂದು ಗಂಟೆ, ಊಟ ಮುಗಿಸಿ ಹೊರಟಾಗಲೂ ಒಂದು ಗಂಟೆ. ಹೆದ್ದಾರಿಯ ಮೇಲೆ ಬಿಸಿಲು ಏರುತ್ತಿದ್ದರೂ ಗಾಡಿಯ ಮೇಲೆ ಹೊತ್ತು ಹೋಗುತ್ತಲೇ ಇರಲಿಲ್ಲ. ಹೆಂಡತಿಗೆ ಹೇಳಲಿಲ್ಲ. ಹೇಳದೆ ರಿಪೇರಿ ಮಾಡಿಸಿಬಿಡೋಣ ಎಂಬ ಹಳೇ ಬುದ್ಧಿ.

ಅಷ್ಟು ತಾಳ್ಮೆ ಅದಕ್ಕೆಲ್ಲಿತ್ತು? ಮರುದಿನವೇ ಮನೆಯ ಮುಂದೆ ಕೀಲಿ ತಿರುಗಿಸಿದರೆ ಮೀಟರ್ ಕಪ್ಪಗೆ ಕೂತಿತು. ಕೂರಲು ಬಂದವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಊಟದ ಬುತ್ತಿ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಬೈದಿದ್ದರೆ ಚೆನ್ನಾಗಿತ್ತು.

ಅಂದು ಅಂಗಡಿಯ ಮುಂದೆಯೇ ಕೂತು ಬ್ಯಾಟರಿಯ ತಿರುಪು ಬಿಗಿ ಮಾಡಿದೆ, ಹಸಿರು ಹಿಡಿದಿದ್ದ ತುದಿಗಳನ್ನು ಉಜ್ಜಿದೆ. ಫ್ಯೂಸ್ ತೆಗೆದು ಬೆಳಕಿಗೆ ಹಿಡಿದು ನೋಡಿದೆ, ಒಳಗಿನ ಎಳೆ ನೆಟ್ಟಗೇ ಇತ್ತು. ಮೀಟರ್ ಜಪ್ಪಯ್ಯ ಅನ್ನಲಿಲ್ಲ. ರಾಣೆಬೆನ್ನೂರಿನ ಮೆಕ್ಯಾನಿಕ್ ಮುಂದಿನ ಗಾಲಿಯ ಹತ್ತಿರದ ಸೆನ್ಸರ್ ಬಿಚ್ಚಿ ಒರೆಸಿದ. ಸೆನ್ಸರ್ ಕೆಟ್ಟರೆ ವೇಗ ಸೊನ್ನೆ ತೋರಿಸಬೇಕು, ಇದು ಪೂರ್ತಿ ಆರುತ್ತಿದೆಯಲ್ಲ ಎಂದು ಅವನೇ ತಲೆ ಕೆರೆದುಕೊಂಡ. ಡಿಜಿಟಲ್‌ಗೆ ರಿಪೇರಿ ಅನ್ನುವುದೇ ಇಲ್ಲ, ಪೂರ್ತಿ ಸೆಟ್ ಬದಲಿಸಬೇಕು, ಬರಲು ಒಂದೂವರೆ ತಿಂಗಳು ಅಂದ. ಒಂದೂವರೆ ತಿಂಗಳು ಬಸ್ಸಿನ ಕಿಟಕಿ ನೋಡಬೇಕೆಂದರೆ ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದವನೇ ಮೀಟರಿನ ನೆತ್ತಿಗೆ ಮುಷ್ಟಿಯಿಂದ ಒಂದು ಗುದ್ದು ಗುದ್ದಿದೆ. ಫಕ್ಕನೆ ಹೊತ್ತಿಕೊಂಡಿತು.

ಎರಡು ದಿನ ಹೀಗೆ ಗುದ್ದುತ್ತ ನಡೆಸಿದೆ. ಮೂರನೆಯ ದಿನ ಗುದ್ದಿಗೂ ಬಗ್ಗಲಿಲ್ಲ. ಆಗ ಅವಳ ಅಕ್ಕ ಫೋನಿನಲ್ಲಿ, ಬ್ಯಾಡಗಿಯಲ್ಲಿ ತಮ್ಮ ಓಣಿಯ ತುದಿಗೆ ಒಬ್ಬ ವಯಸ್ಸಾದ ಸಾಹೇಬರಿದ್ದಾರೆ, ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದರು, ಈಗಲೂ ಕೆಟ್ಟದ್ದನ್ನು ಹಾಗೆ ಬಿಡುವವರಲ್ಲ ಎಂದು ಹೇಳಿದಳು.

ಬ್ಯಾಡಗಿಯಲ್ಲಿ ಹೊಸ ಮೆಣಸಿನಕಾಯಿ ಬರುವ ದಿನಗಳು. ಚೀಲಗಳ ಸಾಲು, ಗಾಳಿಯಲ್ಲಿ ಘಾಟು, ಬಿಸಿಲೇ ಕೆಂಪಗೆ ಕಾಣುತ್ತಿತ್ತು. ಕಣ್ಣು ತುಂಬಿಕೊಂಡು ಎಲ್ಲವೂ ನೀರಿನಲ್ಲಿ ನೋಡಿದ ಹಾಗೆ. ಸಾಹೇಬರ ಅಂಗಡಿಯಲ್ಲಿ ಹೊಟ್ಟೆ ಬಿಚ್ಚಿದ ರೇಡಿಯೋಗಳು ಗೋಡೆಗೆ ಒರಗಿ ಮಲಗಿದ್ದವು. ಅವರು ನನ್ನ ಗುದ್ದಿನ ಕಥೆ ಕೇಳಿ ನಕ್ಕರು. ರೇಡಿಯೋಕ್ಕೂ ಜನ ಅದೇ ಔಷಧಿ ಕೊಡುತ್ತಿದ್ದರಂತೆ. ಗುದ್ದಿಗೆ ಬರುತ್ತದೆ ಎಂದರೆ ಮೀಟರ್ ಸತ್ತಿಲ್ಲ, ಎಲ್ಲೋ ಒಂದು ಎಳೆ ಮುಟ್ಟೀಮುಟ್ಟದೆ ನಿಂತಿದೆ ಎಂದರು.

ಹ್ಯಾಂಡಲ್ ಎಡಕ್ಕೆ ತಿರುಗಿಸಿದರು, ಆರಿತು. ಬಲಕ್ಕೆ ತಿರುಗಿಸಿದರು, ಹೊತ್ತಿತು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಒಂದು ಸಣ್ಣ ಬಲ್ಬಿಗೆ ಎರಡು ವೈರು ಕಟ್ಟಿಕೊಂಡು ಮೀಟರಿನ ಹಿಂದೆ ಮುಟ್ಟಿಸಿ ನೋಡಿದರು. ಕರೆಂಟು ಬರುತ್ತಿತ್ತು. ವಾಪಸು ಹೋಗುವ ದಾರಿ, ಅರ್ಥ್ ವೈರು, ಅದೇ ಕೈ ಕೊಟ್ಟಿತ್ತು. ಬ್ಯಾಟರಿಯ ಮೈನಸ್ಸಿನಿಂದ ಬೇರೊಂದು ವೈರು ತಂದು ಹಿಡಿದರು. ಹ್ಯಾಂಡಲ್ ಹೇಗೆ ತಿರುಗಿಸಿದರೂ ಅಂಕಿ ಅಲುಗಲಿಲ್ಲ.

"ನಿಮ್ಮ ಗಾಡಿಗೆ ಅರ್ಥ ಇಲ್ಲ ನೋಡ್ರಿ ಟೇಲರ್ರ," ಎಂದು ಸಾಹೇಬರು ಗಂಭೀರವಾಗಿ ಹೇಳಿದರು. ಆ ಮಾತನ್ನು ಅವರು ನೂರು ಗಿರಾಕಿಗೆ ಹೇಳಿರಬೇಕು.

ಹೆಡ್‌ಲೈಟ್ ಬಿಚ್ಚಿ, ಹ್ಯಾಂಡಲ್ಲಿನ ಕುತ್ತಿಗೆಯ ಹತ್ತಿರ ವೈರಿನ ಕಟ್ಟನ್ನು ಹೊರಗೆಳೆದರು. ಮೇಣದ ದಾರದಿಂದ, ಅಂಗುಲಕ್ಕೊಂದು ಗಂಟು ಹಾಕಿ, ಬಿಗಿಯಾಗಿ ಕಟ್ಟಿತ್ತು. ಗಂಟಿನ ಕೆಳಗೆ ವೈರಿನ ಮೇಲಿನ ಪ್ಲಾಸ್ಟಿಕ್ಕು ಹೊಸದರಂತೆ ಇದ್ದರೂ ಉಗುರಿನಿಂದ ಒತ್ತಿದರೆ ಮೆತ್ತಗೆ ಬಾಗುತ್ತಿತ್ತು. ಒಳಗಿನ ತಾಮ್ರ ತುಂಡಾಗಿತ್ತು.

"ಮ್ಯಾಲಿನ ಅರಿವಿ ಛಲೋ ಐತಿ, ಒಳಗ ದಾರ ಹರದೈತಿ," ಎಂದರು. ಆಮೇಲೆ ಕನ್ನಡಕ ಏರಿಸಿ, "ಇದು ಮೆಕ್ಯಾನಿಕ್ಕನ ಗಂಟಲ್ಲ. ಯಾರು ಹಾಕಿದ್ದು?"

ಹಿಂದಿನ ಮಾಲೀಕ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೇ ಬಂದಿತ್ತು. "ನಾನ ಹಾಕಿದ್ದು," ಎಂದೆ. ಗಾಡಿ ತಂದ ದಿನ ಆ ವೈರುಗಳು ಹೊಲಿಗೆ ಬಿಚ್ಚಿದ ದಾರದ ಹಾಗೆ ಜೋತಾಡುತ್ತಿದ್ದವು. ಟೇಲರನ ಕಣ್ಣು ಸಹಿಸಲಿಲ್ಲ, ಚೊಕ್ಕಟ ಮಾಡಿ ಬಿಗಿದಿದ್ದೆ. ಹ್ಯಾಂಡಲ್ ತಿರುಗಿದಾಗಲೆಲ್ಲ ಅದು ಅದೇ ಜಾಗದಲ್ಲಿ ಜಗ್ಗಿಜಗ್ಗಿ ಹರಿದಿತ್ತು. ಮಾಡಿದ್ದುಣ್ಣೋ ಮಹರಾಯ.

"ಅಂಗಿ ಕಂಕುಳದಾಗ ಬಿಗಿ ಹಿಡಿದ್ರ ಏನಾಗತೈತಿ ನಿಮಗ ಗೊತ್ತಿಲ್ಲೇನು?" ಎಂದು ಅವರು ಕೇಳಿದರು. ದಾರ ಕತ್ತರಿಸಿ, ತುಂಡಾದ ಕಡೆ ಹೊಸ ವೈರು ಬೆಸೆದು, ತಿರುಗುವ ಜಾಗದಲ್ಲಿ ನಾಲ್ಕು ಬೆರಳು ಸಡಿಲ ಬಿಟ್ಟರು. ಬೇರೆ ಗಂಟುಗಳ ಕೆಳಗೂ ಹರಿದಿರಬಹುದು, ಮತ್ತೆ ಆರಿದರೆ ಗುದ್ದಬೇಡಿ, ಬನ್ನಿ ಎಂದು ಕಳಿಸಿದರು. ಗಡಿಯಾರವನ್ನು ಸರಿಮಾಡಲು ಅವರೂ ಮರೆತರು, ನಾನೂ ಮರೆತೆ.

ಆ ಭಾನುವಾರ ಹೆಂಡತಿ ಮೀಟರ್ ನೋಡಿ, ಹತ್ತಿ ಕೂತಳು. ಬ್ಯಾಡಗಿಗೆ ಅಕ್ಕನ ಮನೆಗೆ ಹೋಗಿ ರೊಟ್ಟಿ ಉಂಡು, ಹೊತ್ತು ಇಳಿಯುವಾಗ ಹೊರಟೆವು. ಮೋಟೆಬೆನ್ನೂರಿನ ಕಡೆಯ ದಾರಿ. ಗಾಳಿಯಲ್ಲಿ ಇನ್ನೂ ಘಾಟಿನ ಎಳೆ ಇತ್ತು, ಬಿಸಿಲು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. "ಮೂವತ್ತು," ಎನ್ನುತ್ತಿದ್ದಳು ಹಿಂದಿನಿಂದ. "ಮೂವತ್ತೊಂದು." ನನಗೆ ಮನೆಯೇ ಬಾರದಿದ್ದರೆ ಸಾಕು ಅನ್ನಿಸಿತ್ತು.

ಒಂದು ಹಂಪ್ ದಾಟಿದೆ. ಮೀಟರ್ ಆರಿತು.

ಇನ್ನೇನು ಇಳಿಸಿ ಅನ್ನುತ್ತಾಳೆ ಎಂದು ಕಾದೆ. ಕಪ್ಪು ಗಾಜಿನಲ್ಲಿ ಆಕಾಶ ಮಾತ್ರ ಕಾಣುತ್ತಿತ್ತು. ಹಿಂದಿನಿಂದ ಅದೇ ದನಿ ಬಂತು: "ಇಪ್ಪತ್ತೆಂಟು."

ಕನ್ನಡಿಯಲ್ಲಿ ನೋಡಿದೆ. ಘಾಟಿಗೆ ಸೆರಗನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಕೂತಿದ್ದಳು. "ಮೂವತ್ತು," ಅಂದಳು.

ಸುಮ್ಮನೆ ಹೋಗಿಬಿಡಬಹುದಿತ್ತು. ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ, ಮನೆ ತಲುಪಿ ಕೀಲಿ ಆರಿಸಿದರೆ ಮುಗಿಯಿತು. ನಾನು ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿದೆ. "ಮೀಟರ್ ಹೋಗೈತಿ," ಎಂದೆ. "ಎಷ್ಟರಾಗ ಹೊಂಟೇನಿ ನನಗ ಗೊತ್ತಿಲ್ಲ."

ಅವಳು ಇಳಿದು ಮುಂದೆ ಬಂದಳು. ಮೀಟರ್ ನೋಡಲಿಲ್ಲ. ನನ್ನ ಮುಖವನ್ನೇ ನೋಡಿದಳು.

"ಆವತ್ತು ದವಾಖಾನ್ಯಾಗ ಇಷ್ಟ ಅಂದಿದ್ರ," ಎಂದಳು, "ಎರಡು ವರ್ಷ ನಾ ಬಸ್ಸಿಗೆ ಅಡ್ಡಾಡ್ತಿದ್ದಿಲ್ಲ."

ಮೀಟರ್ ಆರಿದ್ದರೂ ನೀನು ಅಂಕಿ ಹೇಗೆ ಹೇಳಿದೆ ಎಂದು ಕೇಳಿದೆ.

"ನಿಮ್ಮ ಬೆನ್ನು ಇಷ್ಟು ಅಗಲ. ಅದನ್ನ ದಾಟಿ ನನಗ ಏನು ಕಾಣತೈತಿ? ಕಿವಿಗೆ ಬಡಿಯೂ ಗಾಳಿ ಮ್ಯಾಲೆ ಹೇಳತಿದ್ದೆ, ಮೊದಲ ದಿನದಿಂದ."

"ಮತ್ತ ಅಂಕಿ ಕಾಣೂ ಗಾಡಿನ ಬೇಕು ಅಂದಿ?"

"ನನಗ ಕಾಣಲಿ ಅಂತಲ್ಲ. ನಿಮಗ ಕಾಣಲಿ ಅಂತ."

ಅಷ್ಟರಲ್ಲಿ ಹಾವೇರಿ ಬಸ್ಸು ಬಂತು. ದಾರಿಬದಿಯಲ್ಲಿ ನಿಂತ ಹೆಂಗಸನ್ನು ಕಂಡು ಡ್ರೈವರ್ ನಿಧಾನ ಮಾಡಿದ, ಕಂಡಕ್ಟರ್ ಬಾಗಿಲಿಗೆ ಬಂದು ಬಗ್ಗಿ ನೋಡಿದ. ಹತ್ತಿಯೇಬಿಡುತ್ತಾಳೆ ಎಂದುಕೊಂಡೆ. ಅವಳು ಮುರಿದ ಮೇಲೆ ಸರಿಯಾಗಿ ಕೂಡದ ಆ ಎಡಗೈಯನ್ನು ಎತ್ತಿ, ಹೋಗ್ರಿ, ಹೋಗ್ರಿ ಎಂದು ಬೀಸಿದಳು.

ಬಸ್ಸು ಹೋಯಿತು. ಅವಳು ಸೆರಗು ಸಿಕ್ಕಿಸಿಕೊಂಡು ಹಿಂದೆ ಕೂತು, ನನ್ನ ಹೆಗಲ ಮೇಲೆ ಕೈ ಇಟ್ಟಳು. ನಾನು ಗಾಡಿ ಎಬ್ಬಿಸಿದೆ. ಮುಂದೆ ಮೀಟರ್ ಕಪ್ಪಗೇ ಇತ್ತು.

"ಹದಿನೆಂಟು," ಎಂದಳು.